ಸತ್ತವರು ಮಾತಾಡೋ ಹಾಗಿಲ್ಲ

"ಯಾರ ಬೊಂಬೆ ಎಲ್ಲಿತ್ತೋ ಅಲ್ಲೇ ಇಡಿ," ಎಂದರು ಸಬ್‌ಇನ್‌ಸ್ಪೆಕ್ಟರ್ ನಯನಾ. "ಆವತ್ತು ಹೆಂಗೆ ಆಡಿದ್ರೋ ಹಂಗೇ ಇನ್ನೊಂದು ಸಲ ಆಡಿ ತೋರಿಸಿ. ನಾನು ಸುಮ್ನೆ ನೋಡ್ತಿರ್ತೀನಿ."

ಮೂವರಲ್ಲಿ ಒಬ್ಬರೂ ಕೈ ಚಾಚಲಿಲ್ಲ.

ವಿಜಯನಗರದ ಆ ಮನೆಯ ಮಹಡಿ ಕೋಣೆಗೆ ಪೊಲೀಸರು ಹಾಕಿದ್ದ ಬೀಗ ಆಗತಾನೇ ತೆರೆದಿತ್ತು. ಕಿಟಕಿಗಳು ಮುಚ್ಚಿದ್ದರಿಂದ ಒಳಗೆಲ್ಲ ಬಿಸಿಲಿಗೆ ಕಾದ ರಟ್ಟಿನ ವಾಸನೆ. ಮೇಜಿನ ಮೇಲೆ ‘ಹಿಮಕೋಟೆ’ ಆಟ ಅಂದು ಬಿಟ್ಟಂತೆಯೇ ಹರಡಿಕೊಂಡಿತ್ತು. ಒಂದಕ್ಕೊಂದು ಹಲ್ಲು ಕಚ್ಚಿ ಕೂತ ರಟ್ಟಿನ ಕೋಣೆಗಳು ಜರುಗಿರಲಿಲ್ಲ. ಬೆರಳುದ್ದದ ಬೊಂಬೆಗಳು ಮಾತ್ರ ಅತ್ತಿತ್ತ ಉರುಳಿದ್ದವು. ಮೇಜಿನಾಚೆ ವಾಗೀಶ ಕಡೆಯ ಸಲ ಮಲಗಿದ್ದ ಸೋಫಾ.

ಶಿವಪ್ರಕಾಶ್ ಸೋಫಾದ ಕಡೆ ನೋಡದಂತೆ ತನ್ನ ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡು ಕುಳಿತ.

‘ಹಿಮಕೋಟೆ’ ಸಿನಿಮಾಗಳನ್ನು ಈ ಮೂವರೂ ವಾಗೀಶನೂ ಶಾಲೆಯಲ್ಲಿದ್ದಾಗಿನಿಂದ ನೋಡುತ್ತ ಬಂದವರು. ಹಿಮದ ಕೋಟೆಯೊಂದರಲ್ಲಿ ಸಿಕ್ಕಿಬಿದ್ದ ತಂಡ, ಗೋಡೆಗಳಿಂದ ಇಳಿದು ಬರುವ ಬಿಳಿ ಮೃಗಗಳು, ಒಂದೊಂದೇ ಬಾಗಿಲು ಒಡೆದು ಹೊರಬರುವ ಪಾಡು. ಆ ಸಿನಿಮಾಗಳ ಮೇಲೆ ಆಟವೊಂದು ಬಂದಿದೆ ಎಂದು ಗೊತ್ತಾದಾಗ ಚೈತನ್ಯ ಅದನ್ನು ಹೊರದೇಶದಿಂದ ತರಿಸಿದ್ದ. ಬಣ್ಣವಿಲ್ಲದೆ ಬಂದ ಬೊಂಬೆಗಳಿಗೆ ವಾಗೀಶ ಒಂದೊಂದಾಗಿ ಬಣ್ಣ ಹಚ್ಚಿದ್ದ.

"ಇದ್ರಲ್ಲಿ ಗೆಲ್ಲೋರು ಯಾರು, ಸೋಲೋರು ಯಾರು?" ನಯನಾ ಕೇಳಿದರು.

"ಎಲ್ಲಾ ಒಂದೇ ಕಡೆ ಮೇಡಂ," ಎಂದ ಚೈತನ್ಯ. ಮನೆ ಅವನದೇ, ಕೆಳಗೆ ಫ್ಲೆಕ್ಸ್ ಪ್ರಿಂಟ್ ಅಂಗಡಿ ಇಟ್ಟುಕೊಂಡಿದ್ದ. "ಗೆದ್ರೆ ಎಲ್ರೂ ಗೆಲ್ತೀವಿ, ಸೋತ್ರೆ ಎಲ್ರೂ ಸೋಲ್ತೀವಿ. ನಮಗೆ ಎದುರಾಳಿ ಅಂದ್ರೆ ಈ ಕಾರ್ಡಿನ ಕಟ್ಟು ಅಷ್ಟೇ."

"ಅಂದ್ರೆ ಒಬ್ರಿಗೊಬ್ರು ಮೋಸ ಮಾಡಿದ್ರೆ ಲಾಭ ಇಲ್ಲ."

"ಇಲ್ಲ ಮೇಡಂ."

"ಪರವಾಗಿಲ್ಲ, ಒಳ್ಳೇ ಆಟ," ಎಂದ ನಯನಾರ ಕಣ್ಣು ಪ್ರೀತಿಯ ಮೇಲೆ ನಿಂತಿತು.

ಪ್ರೀತಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದಳು. ಮೆಡಿಕಲ್ ಸ್ಟೋರಿನಲ್ಲಿ ಕೆಲಸ. ವಾಗೀಶನ ಜೊತೆ ಮದುವೆ ಗೊತ್ತಾಗಿ, ಕಳೆದ ತಿಂಗಳು ಮುರಿದಿತ್ತು. ಆ ಶನಿವಾರ ಎಲ್ಲರಿಗೂ ಟೀ ಮಾಡಿದವಳು ಅವಳು. ಆಂಬುಲೆನ್ಸ್ ಹೋದಮೇಲೆ ಏನು ಮಾಡಲೂ ತೋಚದೆ ಲೋಟಗಳನ್ನು ತೊಳೆದಿಟ್ಟವಳೂ ಅವಳೇ. ವಾಗೀಶನ ರಕ್ತದಲ್ಲಿ ಸಿಕ್ಕಿದ್ದು ಸಕ್ಕರೆ ಕಾಯಿಲೆಯವರು ನುಂಗುವ ಮಾತ್ರೆಯ ಅಂಶ. ವಾಗೀಶನಿಗೆ ಆ ಕಾಯಿಲೆ ಇರಲಿಲ್ಲ.

ಕೆಳಗೆ ಜೀಪಿನ ಪಕ್ಕ ಮಹಿಳಾ ಪೇದೆಯೊಬ್ಬರು ಕಾಯುತ್ತಿದ್ದರು. ಯಾರಿಗಾಗಿ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ಶುರು ಮಾಡಿ."

ಚೈತನ್ಯ ತನ್ನ ಬೇಟೆಗಾರನನ್ನು ಎತ್ತಿ ಮೆಟ್ಟಿಲ ಬಳಿ ನಿಲ್ಲಿಸಿದ. ಪ್ರೀತಿ ತನ್ನ ವೈದ್ಯೆಯನ್ನು ಅದರ ಹಿಂದೆ ಇಟ್ಟಳು. ಶಿವಪ್ರಕಾಶ್ ತನ್ನ ಸೈನಿಕನನ್ನು ದೊಡ್ಡ ಹಜಾರದ ಬಾಗಿಲಿಗೆ ತಂದ.

ಒಂದು ಬೊಂಬೆ ಉಳಿಯಿತು. ಲಾಂದ್ರ ಹಿಡಿದ ಮುದುಕಿ. ಯಾವಾಗ ಆಡಿದರೂ ವಾಗೀಶ ಅದನ್ನೇ ಆರಿಸಿಕೊಳ್ಳುತ್ತಿದ್ದ. "ಓಡೋಕಾಗಲ್ಲ, ಹೊಡೆಯೋಕಾಗಲ್ಲ, ನಿಮ್ಗೆಲ್ಲಾ ದಾರಿ ತೋರ್ಸೋದಷ್ಟೇ ಗೊತ್ತು ನಮ್ಮಜ್ಜಿಗೆ," ಎಂದು ನಗುತ್ತಿದ್ದ. ಮೇಟಗಳ್ಳಿಯ ಕಾರ್ಖಾನೆಯಲ್ಲಿ ದಿನವಿಡೀ ಲೋಹದ ಬಿಡಿಭಾಗಗಳ ಅಳತೆ ನೋಡುವ ಕೆಲಸ ಅವನದು, ಕೈ ಅಲುಗುತ್ತಿರಲಿಲ್ಲ. ಮುದುಕಿಯ ಸೆರಗಿನಂಚಿಗೂ ಲಾಂದ್ರದೊಳಗಿನ ಉರಿಗೂ ಅವನು ಬೇರೆ ಬೇರೆ ಹಳದಿ ಬಳಿದಿದ್ದ. ಲಾಂದ್ರವೋ, ಅಕ್ಕಿಕಾಳಿಗಿಂತ ಚಿಕ್ಕದು.

ಈಗ ಮುದುಕಿಯ ಕೈಯಲ್ಲಿ ಲಾಂದ್ರವಿರಲಿಲ್ಲ.

"ಮುರಿದೋಗಿದೆ," ಎಂದ ಚೈತನ್ಯ ಮೆಲ್ಲಗೆ. "ಅವನನ್ನ ಎತ್ತೋ ಗಡಿಬಿಡೀಲಿ ಎಲ್ಲೋ ಬಿದ್ದೋಯ್ತೇನೋ."

"ಇದನ್ನ ಎಲ್ಲಿಡಬೇಕು?"

"ಅಲ್ಲಿ, ಹಜಾರದ ಹೊಸ್ತಿಲ ಹೊರಗಡೆ. ಮಲಗಿಸಬೇಕು ಮೇಡಂ. ಅದು ಸತ್ತೋಯ್ತಲ್ಲ."

"ಹೇಗೆ?"

ಚೈತನ್ಯ ಶಿವಪ್ರಕಾಶನ ಮುಖ ನೋಡಿದ. ಇದನ್ನು ಹೇಳಬೇಕಾದವನು ನೀನು ಎಂಬಂತಿತ್ತು ಆ ನೋಟ.

"ಮೃಗಗಳು ಹತ್ರ ಬಂದ್ಬಿಟ್ಟಿದ್ವು," ಎಂದ ಶಿವಪ್ರಕಾಶ್. "ಅಜ್ಜಿ ಹಿಂದುಳಿದಿದ್ಲು. ಅವಳಿಗೆ ಕಾದಿದ್ರೆ ನಾಲ್ಕೂ ಜನ ಸಾಯ್ತಿದ್ವಿ. ಬಾಗಿಲು ಹಾಕೋಣ ಅಂತ ನಾನೇ ಹೇಳ್ದೆ."

"ವಾಗೀಶ್ ಏನಂದ್ರು?"

"ಹಾಕು ಅಂದ. ‘ಹಾಕ್ಬುಡು ಶಿವು, ನನ್ನ ನೋಡ್ಕೊಂಡು ನೀವ್ಯಾಕ್ ಸಾಯ್ತೀರಾ’ ಅಂದ."

ಅದೇ ಅವನು ಎಲ್ಲರಿಗೂ ಕೇಳುವಂತೆ ಆಡಿದ ಕಡೆಯ ಮಾತು. ಹೇಳಿ ಮುಗಿಸುವಷ್ಟರಲ್ಲಿ ಶಿವಪ್ರಕಾಶನ ನಾಲಿಗೆ ಒಣಗಿತ್ತು.

"ಆಮೇಲೆ?"

"ಆಮೇಲೆ ಅವನು ಮಾತಾಡಲಿಲ್ಲ ಮೇಡಂ," ಎಂದ ಚೈತನ್ಯ. "ನಮ್ಮಲ್ಲೊಂದು ನಿಯಮ ಇದೆ. ಯಾರ ಬೊಂಬೆ ಸಾಯತ್ತೋ ಅವ್ರು ಅದನ್ನ ತಮ್ಮ ಕೈಯಾರೆ ಮಲಗಿಸಬೇಕು. ಆಟ ಮುಗಿಯೋವರೆಗೂ ತುಟಿ ಬಿಚ್ಚೋ ಹಾಗಿಲ್ಲ, ಸನ್ನೆ ಮಾಡೋ ಹಾಗಿಲ್ಲ. ಇಲ್ದಿದ್ರೆ ಸತ್ತೋರೇ ಪಕ್ಕದಲ್ಲಿ ಕೂತ್ಕೊಂಡು ಅಲ್ಲೋಗು ಇಲ್ಲೋಗು ಅಂತ ಎಲ್ಲರ ಆಟಾನೂ ಆಡಿಬಿಡ್ತಾರೆ."

"ಯಾರು ಮಾಡಿದ್ದು ಈ ನಿಯಮ?"

"ವಾಗೀಶನೇ."

ನಯನಾ ಕುರ್ಚಿಯೊಂದನ್ನು ಎಳೆದುಕೊಂಡು ಮೊದಲ ಸಲ ಅವರ ನಡುವೆ ಕುಳಿತರು.

ವಿಮೆ ಕಂಪನಿಗೆ ಕ್ಲೇಮುಗಳ ನಿಜ ಸುಳ್ಳು ಹುಡುಕಿಕೊಡುವುದು ಶಿವಪ್ರಕಾಶನ ಹೊಟ್ಟೆಪಾಡು. ಗೋದಾಮಿಗೆ ತಾನಾಗಿ ಬೆಂಕಿ ಬಿತ್ತು ಎನ್ನುವವರ ಎದುರು ಕುಳಿತು, ಅವರು ಯಾವ ಮಾತಿನ ಹತ್ತಿರ ಬಂದು ನೀರು ಕುಡಿಯುತ್ತಾರೆ ಎಂದು ಗಮನಿಸುತ್ತಿದ್ದ. ಮಣ್ಣಾದ ದಿನ ಕಡಕೊಳದಲ್ಲಿ ವಾಗೀಶನ ಅಪ್ಪ ಮಂಟಯ್ಯ ಅವನ ಎರಡೂ ಕೈ ಹಿಡಿದು, "ನನ್ ಮಗಂಗೆ ಏನಾಯ್ತು ಅಂತ ನೀನೇ ಕಂಡ್ಹಿಡೀಬೇಕು ಕಣಪ್ಪ. ನಿನ್ ಕೆಲ್ಸವೇ ಅದಲ್ವಾ?" ಎಂದಿದ್ದರು. ಹೂಂ ಎಂದು ತಲೆಯಾಡಿಸಿ ಬಂದಿದ್ದ. ಅಂದಿನಿಂದ ಊರೆಲ್ಲ ಅಲೆದು ಎಲ್ಲರನ್ನೂ ಕೇಳಿದ್ದ. ಕೇಳದೆ ಉಳಿದವನು ಒಬ್ಬನೇ, ಅವನು ಕನ್ನಡಿಯಲ್ಲಿದ್ದ.

"ಬಾಗಿಲು ಹಾಕಿದ ಮೇಲೆ?" ನಯನಾ ಕೇಳಿದರು.

"ನಾನು ಹಜಾರದ ರಟ್ಟು ತಂದು ಜೋಡಿಸಿದೆ," ಎಂದ ಚೈತನ್ಯ. "ಹೊಸ ಕೋಣೆ ತೆರೆದಾಗ ತಾನೇ ಅದನ್ನ ಇಡೋದು. ಆವಾಗ ಪ್ರೀತಿ ಟೀ ಮಾಡ್ಕೊಂಡು ಬರ್ತೀನಿ ಅಂತ ಎದ್ಲು."

"ಆಗ ವಾಗೀಶ್ ಹೇಗಿದ್ರು?"

"ನಾನು ರಟ್ಟು ನೋಡ್ತಿದ್ದೆ ಮೇಡಂ. ಅವನ ಪಕ್ಕ ಕೂತಿದ್ದು ಶಿವು."

"ಶಿವಪ್ರಕಾಶ್ ಅವ್ರೇ, ನಿಮ್ಮ ಹೇಳಿಕೇಲಿ, ಟೀ ಕುಡಿಯೋವರೆಗೂ ಚೆನ್ನಾಗೇ ಇದ್ರು ಅಂತ ಇದೆ. ಆ ಮಾತಿನ ಮೇಲೇ ಈ ಕೇಸು ನಿಂತಿದೆ. ಹೌದಲ್ವಾ?"

ಶಿವಪ್ರಕಾಶ್ ನೀರಿನ ಬಾಟಲಿಗೆ ಕೈ ಹಾಕಿದ. ಹಾಕಿದ ಮೇಲೆ ಅದು ಅವನಿಗೇ ಗೊತ್ತಾಗಿ, ಕೈ ಹಿಂದಕ್ಕೆ ತೆಗೆದುಕೊಂಡ.

ತಲೆ ತಗ್ಗಿಸಿ ಮೇಜನ್ನೇ ನೋಡುತ್ತಿದ್ದಾಗ ಅದು ಅವನ ಕಣ್ಣಿಗೆ ಬಿತ್ತು.

ಹಜಾರದ ರಟ್ಟು ಸಮವಾಗಿ ಕೂತಿರಲಿಲ್ಲ. ಹೊಸ್ತಿಲ ಕಡೆಯ ಮೂಲೆ ಕೂದಲೆಳೆಯಷ್ಟು ಮೇಲೆದ್ದಿತ್ತು. ಬೆಳಕು ಓರೆಯಾಗಿ ಬೀಳದಿದ್ದರೆ ಕಾಣುತ್ತಲೇ ಇರಲಿಲ್ಲ. ಬೆರಳಿಟ್ಟು ಒತ್ತಿದ. ಅಡಿಯಲ್ಲಿ ಏನೋ ಚುಚ್ಚಿತು.

ಉಗುರಿನಿಂದ ಮೂಲೆಯನ್ನು ತುಸುವೇ ಎತ್ತಿದ. ಒಳಗೆ ಹಳದಿ ಚುಕ್ಕೆ.

ಲಾಂದ್ರ ಮುರಿದದ್ದು ಎತ್ತುವ ಗಡಿಬಿಡಿಯಲ್ಲಲ್ಲ. ಹಜಾರದ ರಟ್ಟು ಅದರ ಮೇಲೆ ಬಂದು ಕೂತಿದೆ ಎಂದರೆ, ರಟ್ಟು ಇಡುವ ಮೊದಲೇ ಅದು ಮುರಿದು ಬಿದ್ದಿತ್ತು. ಮುದುಕಿಯನ್ನು ಮಲಗಿಸುವಾಗಲೇ ವಾಗೀಶನ ಕೈ ನಡುಗಿತ್ತು. ತಿಂಗಳುಗಟ್ಟಲೆ ಕೂತು ಬಣ್ಣ ಬಳಿದ ಬೊಂಬೆಯನ್ನು ಮುರಿಯುವಷ್ಟು ನಡುಗಿತ್ತು. ಟೀ ಇನ್ನೂ ಒಲೆಯ ಮೇಲೂ ಏರಿರಲಿಲ್ಲ.

ಕೋಣೆಯಲ್ಲಿ ಬೇರೆ ಯಾರೂ ಅದನ್ನು ನೋಡಿರಲಿಲ್ಲ.

ಅವನು ಮೂಲೆಯನ್ನು ಮತ್ತೆ ಒತ್ತಿದ. ಹೆಬ್ಬೆರಳು ಅಲ್ಲೇ ಇತ್ತು. ಇಷ್ಟು ಸಣ್ಣ ಚೂರು. ಆಟ ಎತ್ತಿಡುವಾಗ ಅಂಗೈಯಲ್ಲಿ ಮುಚ್ಚಿಕೊಂಡು ಹೋಗಬಹುದು. ಆಗ ಆ ಮಧ್ಯಾಹ್ನ ತಾನು ಮಾಡಿದ್ದು ತನ್ನಲ್ಲೇ ಉಳಿಯುತ್ತದೆ. ಪ್ರೀತಿ ಮಾತ್ರ ಕೆಳಗಿಳಿದು ಜೀಪು ಹತ್ತುತ್ತಾಳೆ.

"ಮೇಡಂ, ನಾನೊಂದು ಮಾತು ಹೇಳ್ಲಾ?" ಪ್ರೀತಿಯ ದನಿ. "ನಾನು ಟೀ ಮಾಡಿದ್ದು ನಿಜ. ಲೋಟ ತೊಳೆದಿದ್ದೂ ನಿಜ. ಮದುವೆ ಬೇಡ ಅಂದಿದ್ದು ನಾನು, ಅವನಲ್ಲ. ಬೇಡ ಅಂದೋಳಿಗೆ ಕೊಲ್ಲೋ ದರ್ದು ಏನಿರತ್ತೆ?"

"ಅದನ್ನ ನೀವು ಸ್ಟೇಷನ್‌ನಲ್ಲಿ ಹೇಳಿ."

"ಎಷ್ಟು ಸಲ ಹೇಳ್ಲಿ? ನಮ್ಮ ಓನರ್ರು ನಾಳೆಯಿಂದ ಬರಬೇಡಮ್ಮ ಅಂದ್ಬಿಟ್ರು. ನಮ್ಮಮ್ಮ ನನ್ನ ಕೈ ಟೀ ಕುಡೀತಿಲ್ಲ ಮೇಡಂ, ಮೈ ಸರಿಯಿಲ್ಲ ಅಂತಾಳೆ." ಅವಳು ತಟ್ಟನೆ ಇತ್ತ ತಿರುಗಿದಳು. "ಶಿವು, ನೀನು ಅವನ ಪಕ್ಕಾನೇ ಇದ್ಯಲ್ಲೋ. ನಾನು ಅಡುಗೆಮನೇಲಿದ್ದೆ. ನೀನು ಏನೂ ನೋಡಲಿಲ್ವಾ?"

ಶಿವಪ್ರಕಾಶ್ ರಟ್ಟಿನಿಂದ ಹೆಬ್ಬೆರಳು ತೆಗೆದ.

"ಮೇಡಂ, ಇಲ್ಲಿ ನೋಡಿ," ಎಂದ.

ನಯನಾ ಬಗ್ಗಿದರು. ರಟ್ಟು ಎತ್ತಿ, ಚೂರನ್ನು ಕಾಗದದ ಮೇಲೆ ಹೊರಳಿಸಿಕೊಂಡು, ಮುದುಕಿಯ ಮುರಿದ ಕೈಗೆ ಹಿಡಿದು ನೋಡಿದರು. ಸರಿಯಾಗಿ ಕೂತಿತು. ಏನಾಗಿದೆ ಎಂದು ಅವರಿಗೆ ವಿವರಿಸಬೇಕಾಗಲಿಲ್ಲ.

"ಟೀಗೆ ಮುಂಚೆ," ಎಂದರು.

"ಟೀಗೆ ಮುಂಚೆ," ಎಂದ ಶಿವಪ್ರಕಾಶ್. "ನನ್ನ ಹೇಳಿಕೆ ಸುಳ್ಳು. ಅವನು ಚೆನ್ನಾಗಿರಲಿಲ್ಲ."

ಚೈತನ್ಯ ಕುರ್ಚಿಯಿಂದ ಅರ್ಧ ಎದ್ದ. "ಏನೋ ಹೇಳ್ತಿದೀಯ?"

"ಬೊಂಬೆ ಮಲಗಿಸಿದ ಮೇಲೆ ನನ್ನ ತೋಳು ಎಳೆದ. ಹಣೆಯೆಲ್ಲಾ ಬೆವರಿತ್ತು. ಫ್ಯಾನ್ ಕೆಳಗೇ ಕೂತಿದ್ದ, ಆದ್ರೂ ಬೆವರಿತ್ತು. ಏನೋ ಹೇಳೋಕೆ ಬಾಯಿ ತೆಗೆದ. ನಾನು… ನಾನು ತುಟಿ ಮೇಲೆ ಬೆರಳಿಟ್ಟು, ಸತ್ತೋರು ಮಾತಾಡೋ ಹಾಗಿಲ್ಲ ಕಣೋ ಅಂದೆ. ಅವನು ನಕ್ಕ. ತನ್ನದೇ ನಿಯಮ ನೋಡಿ. ನಕ್ಕು ಎದ್ದೋಗಿ ಸೋಫಾ ಮೇಲೆ ಮಲಗಿದ. ಗೋಡೆ ಹಿಡ್ಕೊಂಡು ಹೋದ. ನಾಟಕ ಮಾಡ್ತಿದಾನೆ, ಸತ್ತೋರ ಹಾಗೆ ನಡೀತಿದಾನೆ ಅಂದ್ಕೊಂಡೆ."

"ಮತ್ತೆ ಟೀ? ಅವರ ಲೋಟ ಖಾಲಿ ಇತ್ತು ಅಂತ ಮೂರೂ ಜನ ಹೇಳಿದೀರಿ."

"ನಾನು ಕುಡಿದೆ."

ಪ್ರೀತಿಯ ಕೈಯಿಂದ ದುಪಟ್ಟಾ ಜಾರಿತು.

"ನನಗೆ ಶುಗರ್ ಇದೆ ಅಂತ ಪ್ರೀತಿ ನನ್ನ ಟೀಗೆ ಸಕ್ಕರೆ ಹಾಕಿರಲಿಲ್ಲ. ಬಾಯಿಗೆ ಹಿಡಿಸಲಿಲ್ಲ. ಇವನದು ಆರಿಹೋಗ್ತಿತ್ತು. ಸತ್ತೋರಿಗೆ ಟೀ ಯಾಕೆ ಅಂತ ಮನಸ್ಸಲ್ಲೇ ಅಂದ್ಕೊಂಡು, ನೀವಿಬ್ರೂ ಕಾರ್ಡ್ ನೋಡ್ತಿರುವಾಗ ಎತ್ಕೊಂಡು ಕುಡಿದ್ಬಿಟ್ಟೆ." ಅವನು ಪ್ರೀತಿಯ ಕಡೆ ನೋಡಲಿಲ್ಲ. "ಅದರಲ್ಲೇನೂ ಇರಲಿಲ್ಲ ಮೇಡಂ. ಇದ್ದಿದ್ರೆ ನಾನಿಲ್ಲಿ ಇರ್ತಿರಲಿಲ್ಲ. ಅದರಲ್ಲಿ ಇದ್ದಿದ್ದು ಸಕ್ಕರೆ ಮಾತ್ರ."

ಆಸ್ಪತ್ರೆಯ ಡಾಕ್ಟರು ಹೇಳಿದ ಮಾತು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು: ಆ ಹೊತ್ತಿಗೆ ಸಿಹಿಯಾದ ಏನಾದರೂ ಗಂಟಲಿಗೆ ಇಳಿದಿದ್ದರೆ ಹುಡುಗ ಉಳಿಯುತ್ತಿದ್ದ.

"ಥೂ," ಎಂದ ಚೈತನ್ಯ. ಅಷ್ಟೇ. ಕಿಟಕಿಯ ಹತ್ತಿರ ಹೋಗಿ ಬೆನ್ನು ಹಾಕಿ ನಿಂತ.

ಪ್ರೀತಿ ಅಳಲಿಲ್ಲ. "ನಾಲ್ಕು ದಿನ ಕಣೋ," ಎಂದಳು. "ನಾನು ಒಂದೊಂದ್ ಸಲ ಅಂದ್ಕೊಂಡೆ, ಅಂಗಡಿಯಿಂದ ಬಂದಾಗ ನನ್ನ ಕೈಗೇ ಏನಾದ್ರೂ ಪುಡಿ ಅಂಟ್ಕೊಂಡಿತ್ತೇನೋ, ಅದೇ ಟೀಗೆ ಬಿತ್ತೇನೋ ಅಂತ. ಕೈ ಉಜ್ಜಿ ಉಜ್ಜಿ ತೊಳ್ಕೊಂಡೆ. ನೀನು ಸುಮ್ನೆ ನೋಡ್ತಿದ್ದೆ."

ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎಂದು ದಾರಿಯುದ್ದಕ್ಕೂ ಶಿವಪ್ರಕಾಶ್ ಅಂದುಕೊಂಡು ಬಂದಿದ್ದ. ಹಗುರವೇನೂ ಆಗಲಿಲ್ಲ. ಹೊತ್ತ ಮೂಟೆಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ದಾಟಿಸಿದಂತಾಯಿತು ಅಷ್ಟೇ.

ನಯನಾ ಬಾಗಿಲ ಬಳಿ ಹೋಗಿ ಕೆಳಗಿದ್ದ ಪೇದೆಗೆ, "ಸ್ವಲ್ಪ ಇರಮ್ಮಾ, ಈಗಲೇ ಬೇಡ," ಎಂದು ಕೂಗಿ ಹೇಳಿ ಬಂದರು. ಪ್ರೀತಿ ಅದನ್ನು ಕೇಳಿಸಿಕೊಂಡು, ಉಸಿರನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟಳು.

"ಸುಳ್ಳು ಹೇಳಿಕೆ ವಿಚಾರ ಆಮೇಲೆ ನೋಡ್ಕೊಳ್ತೀನಿ," ಎಂದರು ನಯನಾ, ಶಿವಪ್ರಕಾಶನ ಎದುರಿಗೇ ಕುಳಿತು. "ಟೀ ಅಲ್ಲ ಅಂದ್ರೆ ಅದಕ್ಕಿಂತ ಮುಂಚೆ ಏನೋ ಹೊಟ್ಟೆಗೆ ಹೋಗಿದೆ. ಇಲ್ಲಿಗೆ ಬಂದ ಮೇಲೆ ಏನಾದ್ರೂ ತಿಂದ್ರಾ?"

"ಇಲ್ಲ ಮೇಡಂ," ಎಂದ ಚೈತನ್ಯ, ಕಿಟಕಿಯಿಂದ ತಿರುಗದೆ. "ಶನಿವಾರ ಅವನು ಉಪವಾಸ. ಟೀ, ಮಜ್ಜಿಗೆ ಬಿಟ್ರೆ ಏನೂ ಮುಟ್ಟಲ್ಲ."

"ಬೆಳಿಗ್ಗೆ ಮನೇಲೂ ಏನೂ ತಗೊಂಡಿಲ್ಲ ಅಂತ ಅವರಪ್ಪ ಹೇಳಿದ್ರು. ಹಾಗಾದ್ರೆ ಮನೆ ಬಿಟ್ಟ ಮೇಲೆ, ಇಲ್ಲಿಗೆ ಬರೋಕೆ ಮುಂಚೆ. ಮಧ್ಯೆ ಎಲ್ಲಿಗೆ ಹೋಗಿದ್ರು?"

ಶಿವಪ್ರಕಾಶನಿಗೆ ಉತ್ತರ ಗೊತ್ತಿತ್ತು. ಅದು ಉತ್ತರ ಎಂದು ಈ ಕ್ಷಣದವರೆಗೆ ಅನ್ನಿಸಿರಲಿಲ್ಲ.

"ನಮ್ಮ ಮನೆಗೆ," ಎಂದ. "ನನ್ನ ಬೈಕು ರಿಪೇರಿಗೆ ಬಿಟ್ಟಿದ್ದೆ. ಕರ್ಕೊಂಡು ಬರೋಕೆ ಬಂದಿದ್ದ. ನಾನು ಫೋನಿನಲ್ಲಿದ್ದೆ. ಅಮ್ಮ ಅವನಿಗೆ ಮಜ್ಜಿಗೆ ಕೊಟ್ರು."

"ಮನೇಲಿ ಶುಗರ್ ಮಾತ್ರೆ ಯಾರು ತಗೊಳ್ತಾರೆ? ನೀವಾ?"

"ನಾನು ಮಾತ್ರೆ ಮುಟ್ಟಲ್ಲ ಮೇಡಂ. ವಾಕಿಂಗ್‌ನಲ್ಲೇ ಕಂಟ್ರೋಲ್ ಮಾಡ್ಕೊಂಡಿದೀನಿ." ಹೇಳುವಾಗ ಹಳೆಯ ಅಭ್ಯಾಸದ ಹೆಮ್ಮೆಯೊಂದು ದನಿಯಲ್ಲಿ ಬಂದುಹೋಯಿತು. "ಅಮ್ಮ ತಗೊಳ್ತಾರೆ."

"ಅವರಿಗೆ ಫೋನ್ ಮಾಡಿ."

"ಅಮ್ಮಂಗೆ ಇದ್ಯಾವುದೂ ಗೊತ್ತಿಲ್ಲ. ಹಾರ್ಟು ಅಂತ ಹೇಳಿದೀನಿ. ಪೊಲೀಸು ಅಂದ್ರೆ ಹೆದ್ರಿಬಿಡ್ತಾರೆ."

"ಅದಕ್ಕೇ ನೀವೇ ಮಾಡಿ ಅಂದಿದ್ದು. ಇಲ್ಲೇ ಕೂತು ಮಾತಾಡಿ."

ಫೋನು ಕಿವಿಗಿಟ್ಟುಕೊಂಡ. ಆ ಕಡೆ ಕುಕ್ಕರು ಕೂಗುತ್ತಿತ್ತು.

"ಎಲ್ಲಿದ್ದೀಯಪ್ಪ? ಊಟಕ್ಕೆ ಬರಾಕಿಲ್ವಾ?" ಎಂದರು ಮಂಗಳಮ್ಮ.

"ಬರ್ತೀನಮ್ಮ. ಆವತ್ತು ವಾಗೀಶಂಗೆ ಮಜ್ಜಿಗೆ ಕೊಟ್ಯಲ್ಲ, ಅದು ಯಾವುದು? ಎಲ್ಲರಿಗೂ ಮಾಡಿದ್ದೇನಾ?"

"ಯಾಕಪ್ಪ ಈಗ ಅವೆಲ್ಲ? ನೆನೆಸ್ಕಂಡ್ರೆ ಹೊಟ್ಟೆ ಉರೀತದೆ." ಮೂಗು ಸೀಟಿದ ಸದ್ದು. "ನಿಂಗೇ ಅಂತ ಬೇರೆ ಮಾಡಿಟ್ಟಿದ್ದೆ ಕಣಪ್ಪ. ನೀನು ಫೋನ್ ಬುಡಲೇ ಇಲ್ಲ. ಪಾಪ ಬಿಸಿಲಲ್ಲಿ ಬಂದಿತ್ತು ಹುಡುಗ, ಉಪಾಸ ಬೇರೆ. ಇನ್ನೊಂದ್ಸಲ ಮಾಡೋಗಂಟ ಎಂಗೆ ಕಾಯ್ಸೋದು? ನಿನ್ ಲೋಟದ್ದೇ ಕೊಟ್ಬುಟ್ಟೆ."

"ನನಗೆ ಯಾಕೆ ಬೇರೆ ಮಾಡ್ತೀಯ?"

ಕುಕ್ಕರು ಮತ್ತೆ ಕೂಗಿತು. ಅಮ್ಮ ಉರಿ ಕಡಿಮೆ ಮಾಡಿರಬೇಕು, ಆ ಕಡೆ ಸದ್ದಡಗಿತು. ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನಂತೆ ಸಣ್ಣಗೆ ನಕ್ಕರು.

"ಬೈಬ್ಯಾಡ ನನ್ನಪ್ಪ. ನಿಮ್ಮಪ್ಪನೂ ಇಂಗೇ ಮಾತ್ರೆ ಬ್ಯಾಡ ಅಂತ ಹಟ ಮಾಡ್ಕಂಡೇ ತೀರ್ಕಂಡ್ರು. ನೀನೂ ಅಂಗೇ ಸುರು ಅಚ್ಕಂಡೆ. ಅದ್ಕೇ ನನ್ ಮಾತ್ರೇನೇ ಪುಡಿ ಮಾಡಿ ದಿನಾ ನಿನ್ ಮಜ್ಜಿಗೇಗೆ ಬೆರೆಸ್ತಿದ್ದೆ. ನೋಡು, ಈಗ ಎಂಗೆ ಇಳಿದದೆ ನಿನ್ ಸುಗರ್ರು! ನೀನು ವಾಕಿಂಗು ಅಂತ ಕುಣೀತಿದ್ದೆ, ನಾನು ಒಳಗೊಳಗೇ ನಗ್ತಿದ್ದೆ. ಆ ಹುಡುಗಂಗೆ ಕೊಡುವಾಗ ನೆನಪಾಯ್ತು. ಔಸ್ದಿ ತಾನೇ, ಒಳ್ಳೇದೇ ಆಯ್ತದೆ ಬುಡು ಅಂದ್ಕಂಡೆ."

ಶಿವಪ್ರಕಾಶ್ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

"ಯಾಕಪ್ಪ ಕೇಳ್ದೆ? ಶಿವೂ? ಲೋ, ಮಾತಾಡೋ."

ಎದುರಿಗೆ ನಯನಾ ಮುಂದಕ್ಕೆ ಬಾಗಿದರು. ಕಿಟಕಿಯ ಬಳಿ ಚೈತನ್ಯ ತಿರುಗಿ ನಿಂತ. ಪ್ರೀತಿ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಅವನ ಮುಖವನ್ನೇ ನೋಡುತ್ತಿದ್ದಳು. ಉಜ್ಜಿ ಉಜ್ಜಿ ತೊಳೆದ ಬೆರಳುಗಳ ಚರ್ಮ ಬಿಳಿಚಿಕೊಂಡಿತ್ತು.

ಅವನ ಬೆರಳು ಅವನ ಅಪ್ಪಣೆಗೆ ಕಾಯದೆ ಫೋನಿನ ಪಕ್ಕದ ಗುಂಡಿಯನ್ನು ಒತ್ತಿ, ಅಮ್ಮನ ದನಿಯನ್ನು ಹಂತಹಂತವಾಗಿ ಇಳಿಸತೊಡಗಿತು.

"ಏನಂದ್ರು ನಿಮ್ಮ ತಾಯಿ?" ಎಂದು ಕೇಳಿದರು ನಯನಾ.